ಅಪ್ಪ ತಿರುವಿದ ಹಾಳೆ

ಕಾಲೇಜಿನಲ್ಲಿ ಪಾಠ ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ನಾನು ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು, ಗಂಟೆ ಹೊಡೆದರೆ ಇಬ್ಬರಿಗೂ ಬಿಡುಗಡೆ. ಕಷ್ಟವೆಲ್ಲ ಬೇಸಿಗೆಯಲ್ಲಿ, ನಾನು ಹೇಳಿದ್ದನ್ನೇ ಅವರು ಪರೀಕ್ಷೆಯಲ್ಲಿ ನನಗೆ ತಿರುಗಿಸಿ ಹೇಳುವಾಗ. ಐವತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಚರಿತ್ರೆಯ ಲೆಕ್ಚರರು. ಆಗ ಬಿ.ಎ. ಉತ್ತರ ಪತ್ರಿಕೆಗಳು ಪರೀಕ್ಷಕರ ಮನೆಗೇ ಬರುತ್ತಿದ್ದವು. ರಜೆಗೆ ನಾನು ಊರಿಗೆ ಹೋದರೆ, ಅರಗಿನ ಮುದ್ರೆ ಒತ್ತಿದ ಬಟ್ಟೆಯ ಗಂಟು ಕಳ್ಳಂಬೆಳ್ಳದ ಅಂಚೆ ಕಚೇರಿಗೆ ಬಂದು, ಅಲ್ಲಿಂದ ಅಪ್ಪನ ಎತ್ತಿನ ಗಾಡಿ ಹತ್ತುತ್ತಿತ್ತು. ಅಪ್ಪನಿಗೆ ಓದು ಬರದು. ಆದರೂ ಆ ಗಂಟನ್ನು ಮದುವೆ ಹೆಣ್ಣಿನ ಹಾಗೆ ಜೋಪಾನವಾಗಿ ಇಳಿಸುತ್ತಿದ್ದ.

ನಾನು ಬಹಳ ಬಿಗಿ ಪರೀಕ್ಷಕನೆಂದು ಹೆಸರಾಗಿದ್ದೆ. ಒಳಗೊಳಗೇ ಅದೊಂದು ಜಂಭ. ಜಗಲಿಯ ಮೇಲೆ ಕೆಂಪು ಶಾಯಿ ಇಟ್ಟುಕೊಂಡು ಕೂತರೆ, ಅಪ್ಪ ಎದುರಿಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂರುತ್ತಿದ್ದ. ನಾನು ಸ್ವಲ್ಪ ಜೋರಾಗಿ ಉಸಿರು ಬಿಟ್ಟರೂ ಸಾಕು, “ಬಿದ್ದೋದ್ನಾ?” ಎಂದು ಕೇಳುತ್ತಿದ್ದ.

ಒಂದು ಮಧ್ಯಾಹ್ನ ಹಾಗೇ ಕೇಳಿದ. “ಮೂವತ್ತೊಂದು ಬಂದಿದೆಯಪ್ಪ, ಮೂವತ್ತೈದು ಬೇಕು” ಎಂದೆ.

“ನಾಕು ಹಾಕ್ಬುಟ್ರೆ ನಿನ್ನ ಗಂಟೇನ್ಲಾ ಹೋಗ್ತೈತೆ? ಅವನೂ ಯಾರೋ ಹೆತ್ತ ಮಗ.”

“ಅದಕ್ಕೆಲ್ಲ ನಿಯಮ ಇದೆ” ಎಂದೆ, ಕ್ಲಾಸಿನ ಗತ್ತಿನಲ್ಲಿ. ಅಪ್ಪ ಕೇಳಿಸಿಕೊಳ್ಳದೆ ಪತ್ರಿಕೆಯನ್ನು ಎತ್ತಿಕೊಂಡ. “ಮುಟ್ಟಬೇಡಪ್ಪ, ಕೈಯೆಲ್ಲ ಅಂಟು” ಎಂದರೂ ಬಿಡಲಿಲ್ಲ. ಒಂದೊಂದೇ ಹಾಳೆ ತಿರುವಿದ. ಬರಹ ಮುಗಿಯಿತು. ನಾನು ಅಡ್ಡಗೆರೆ ಎಳೆದದ್ದು ಅಲ್ಲಿಗೇ. ಅಪ್ಪನಿಗೆ ಗೆರೆಯ ಅರ್ಥ ತಿಳಿಯದು, ಇನ್ನೂ ತಿರುವುತ್ತಲೇ ಇದ್ದ. ಒಂದು ಖಾಲಿ ಹಾಳೆ, ಇನ್ನೊಂದು ಖಾಲಿ ಹಾಳೆ.

“ಲೇ, ಇಲ್ಲೂ ಏನೋ ಬರ್ದವ್ನೆ ಕಣ್ಲಾ.”

ಇಸಿದುಕೊಂಡು ನೋಡಿದೆ. ಇಡೀ ಒಂದು ಉತ್ತರ. ಬರೆಯುವ ಗಾಬರಿಯಲ್ಲಿ ಎರಡು ಮೂರು ಹಾಳೆ ಒಟ್ಟಿಗೆ ಮಗುಚಿರಬೇಕು, ಪುಣ್ಯಾತ್ಮ. ನನ್ನ ಬಿಗಿಯನ್ನೆಲ್ಲ ಬಳಸಿ ಅಳೆದರೂ ಏಳು ಅಂಕಕ್ಕೆ ಮೋಸವಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಕೆಂಪು ಶಾಯಿಗಿಂತ ಕೆಂಪಾಗಿತ್ತು.

“ಕೊನೇ ಸಾಲಿನ ಗಂಟ ಹೋಗಿ ನೋಡ್ದೆ ಹೊಲ್ದಾಗೆ ಬೆಳೆ ಇಲ್ಲ ಅಂತ ಬಂದ್ಬುಡ್ತಾರೇನ್ಲಾ” ಎಂದು ಅಪ್ಪ ಮತ್ತೆ ಹುಣಸೆಹಣ್ಣಿಗೆ ಕೈಹಾಕಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಗಿಸಿ ಕಟ್ಟಿಟ್ಟಿದ್ದ ಪತ್ರಿಕೆಗಳನ್ನೆಲ್ಲ ಬಿಚ್ಚಿದೆ. ಮೂರು ದಿನ ಅಪ್ಪ ಹಾಳೆ ತಿರುವಿದ, ನಾನು ಪಕ್ಕದಲ್ಲಿ ವಿದ್ಯಾರ್ಥಿಯ ಹಾಗೆ ಕೂತು ನೋಡಿದೆ. “ಇದು ಖಾಲಿ. ಇದೂ ಖಾಲಿ. ಪಾಪ, ಇವ್ನು ಏನೂ ಬರ್ದೇ ಇಲ್ಲ.”

ಆ ಹುಡುಗ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಪತ್ರಿಕೆಯಲ್ಲಿ ಮೂವತ್ತೊಂದನ್ನು ಹೊಡೆದು ಮೂವತ್ತೆಂಟು ಬರೆದು, ಪರೀಕ್ಷಕರ ಸಹಿ ಎಂಬಲ್ಲಿ ನನ್ನ ಎಂ.ಎ. ಸಮೇತ ಸಹಿ ಹಾಕಿದೆ. ನ್ಯಾಯವಾಗಿ ಅಲ್ಲಿ ಅಪ್ಪನ ಹೆಬ್ಬೆಟ್ಟಿರಬೇಕಿತ್ತು. ಕಲೆ ಒರೆಸೋಣವೆಂದು ಹಾಳೆಯ ಮೂಲೆ ನೋಡಿದರೆ, ಹುಣಸೆಹಣ್ಣಿನ ಅಂಟಿನಲ್ಲಿ ಆ ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ಒರೆಸಲಿಲ್ಲ.