ಎನೋಕ್ ಬಾವುಟ ಏರಿಸಿದ್ದು

ಬೆಳಗಿನ ಕಾಫಿಗೂ ಮುಂಚೆ ಎನೋಕ್ ತನ್ನ ವಸತಿಗೃಹದ ಮುಂದಿನ ಕಂಬಕ್ಕೆ ಬಾವುಟ ಏರಿಸಿದ. ಆ ಕೆಲಸ ಬಿಟ್ಟು ಇನ್ನರ್ಧ ಗಂಟೆ ಹಾಸಿಗೆಯಲ್ಲೇ ಹೊರಳಾಡಿಕೊಂಡಿದ್ದರೆ ಅವನ ಬಾಳು ಬೇರೆಯೇ ಆಗುತ್ತಿತ್ತು. ಆದರೆ ಸೋಮಾರಿಗೆ ವರ್ಷಕ್ಕೊಮ್ಮೆ ಹುರುಪು ಬರುತ್ತದೆ ನೋಡಿ, ಅನಾಹುತ ಆಗುವುದು ಆವತ್ತೇ.

ಅವನ ಹೆಂಡತಿ ಬೊಲೆಟ್ಟೆ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿದಳು. "ಏನದು? ಬಾವುಟ ಯಾಕೆ?"

"ಅತಿಥಿ ಬರ್ತಿದ್ದಾರಲ್ಲ. ಮನೆ ಗುರುತು ಸಿಗಲಿ ಅಂತ."

"ಇಳಿಸು ಅದನ್ನ. ಬಾವುಟ ಕಂಡ್ರೆ ಹುಟ್ಟಿದಹಬ್ಬದ ಕಾಫೆಮಿಕ್, ಕಾಫಿ ಕೇಕು ಸಿಗುತ್ತೆ ಅಂದ್ಕೊಂಡು ಊರೆಲ್ಲ ಬರುತ್ತೆ."

"ಇವತ್ತು ಯಾರ ಹುಟ್ಟಿದಹಬ್ಬಾನೂ ಇಲ್ಲ. ಜನ ಅಷ್ಟು ದಡ್ಡರಾ?"

"ದಡ್ಡರಲ್ಲ. ಕೇಕ್ ಅಂದ್ರೆ ಪ್ರಾಣ ಬಿಡೋರು."

ಎನೋಕ್ ಕೇಳಲಿಲ್ಲ. ಅವನ ತಲೆಯಲ್ಲಿ ಲೌರಿಟ್ಸೆನ್ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ವಸತಿಗೃಹ ಬೊಲೆಟ್ಟೆಯ ಅಪ್ಪ ಕಟ್ಟಿದ ಮರದ ಮನೆ. ಮಹಡಿಯ ಮೇಲೆ ಮಲಗುವ ಕೋಣೆಗಳು, ಕೆಳಗೆ ಊಟದ ಕೋಣೆ, ಕಿಟಕಿ ತೆರೆದರೆ ಕೊಲ್ಲಿಯಲ್ಲಿ ತೇಲುವ ಗುಡ್ಡದಂಥ ನೀರ್ಗಲ್ಲುಗಳು. ಕೊರತೆ ಒಂದೇ, ಬಂದು ತಂಗುವವರು ಇರಲಿಲ್ಲ. ಅದಕ್ಕೆ ಎನೋಕನ ಹುಬ್ಬುಗಳೇ ಕಾರಣ. ನಮ್ಮಲ್ಲಿ ಹುಬ್ಬು ಏರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಈ ಚಳಿಯಲ್ಲಿ ಇಷ್ಟು ಸಣ್ಣ ಮಾತಿಗೆಲ್ಲ ಬಾಯಿ ತೆರೆದು ಗಾಳಿ ಕುಡಿಯುವವರು ಯಾರು? ಎದುರಿಗಿದ್ದವರಿಗೆ ಅದು ಸಾಕು. ಆದರೆ ದೂರದೂರಿನಿಂದ ಯಾರಾದರೂ ಫೋನ್ ಮಾಡಿ "ಕೋಣೆ ಖಾಲಿ ಇದೆಯಾ?" ಅಂದರೂ ಎನೋಕ್ ಹುಬ್ಬನ್ನೇ ಏರಿಸುತ್ತಿದ್ದ. "ಹಲೋ, ಇದ್ದೀರಾ?" ಅಂದರೆ ಇನ್ನೂ ಮೇಲಕ್ಕೆ ಏರಿಸುತ್ತಿದ್ದ. ಆಚೆಯವರು ಫೋನ್ ಇಟ್ಟ ಮೇಲೆ, "ಪಾಪ, ಮನಸ್ಸು ಬದಲಾಯಿಸಿಬಿಟ್ರು" ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ.

ಬೊಲೆಟ್ಟೆಗೆ ಸಾಕಾಗಿ ಹೋಗಿತ್ತು. "ಇದೇ ಕೊನೇ ಬೇಸಿಗೆ," ಎಂದು ಅವಳು ಗಡುವು ಕೊಟ್ಟಿದ್ದಳು. "ಈ ಸಲವೂ ಜನ ಬರಲಿಲ್ಲ ಅಂದ್ರೆ ಮೇಲಿನ ಕೋಣೆಗಳಿಗೆ ನನ್ನ ತಂಗಿ ಮಕ್ಕಳುಮರಿ ಕಟ್ಕೊಂಡು ಬರ್ತಾಳೆ. ನೀನು ಸಿಗಡಿ ಕಾರ್ಖಾನೆಗೆ ಹೋಗು."

ಸಿಗಡಿ ಕಾರ್ಖಾನೆ ಅಂದರೆ ಎನೋಕನ ಜೀವ ಬಾಯಿಗೆ ಬರುತ್ತಿತ್ತು. ಮದುವೆಗೆ ಮುಂಚೆ ಒಂದು ವಾರ ಅಲ್ಲಿ ನಿಂತಿದ್ದ. ಹಿಮದಂಥ ನೀರಿನಲ್ಲಿ ಕೈ ಅದ್ದಿ, ದಿನವಿಡೀ ಸಿಗಡಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಕೆಲಸ. ಅದು ಬಿಟ್ಟ ಮೇಲೂ ಎಷ್ಟೋ ದಿನ ನಾಯಿಗಳು ಅವನ ಹಿಂದೆ ಹಿಂದೆಯೇ ಬರುತ್ತಿದ್ದವು.

ಹೀಗಿರುವಾಗ ಒಂದು ಪ್ರವಾಸದ ಕಂಪನಿಯಿಂದ ಫೋನ್ ಬಂತು. ಪುಣ್ಯಕ್ಕೆ ಎತ್ತಿದ್ದು ಬೊಲೆಟ್ಟೆ. "ನಮ್ಮ ಲೌರಿಟ್ಸೆನ್ ಅವರು ಒಂದು ರಾತ್ರಿ ತಂಗಿ ನೋಡ್ತಾರೆ. ಒಪ್ಪಿಗೆಯಾದರೆ ಬೇಸಿಗೆಯಿಡೀ ಗುಂಪು ಗುಂಪಾಗಿ ಜನರನ್ನು ಕಳಿಸುತ್ತೇವೆ. ನಮ್ಮ ಜನಕ್ಕೆ ವೈಭವ ಬೇಡ, ಶುದ್ಧ ಹಾಸಿಗೆ ಇರಲಿ, ಗದ್ದಲ ಇಲ್ಲದಿದ್ದರೆ ಸಾಕು" ಎಂದರಂತೆ.

ಅವತ್ತಿನಿಂದ ಎನೋಕ್ ಲೌರಿಟ್ಸೆನ್ನರ ಒಂದು ರಾತ್ರಿಯನ್ನು ಮಗಳ ಮದುವೆಯ ಹಾಗೆ ತಯಾರು ಮಾಡತೊಡಗಿದ. ದಪ್ಪ ಪಾದದ, ಗಡ್ಡದ ಮನುಷ್ಯನೊಬ್ಬನನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಅಷ್ಟಗಲದ, ಸೀಲ್ ಪ್ರಾಣಿಯ ಚರ್ಮದ ಚಪ್ಪಲಿ ಹೊಲಿಸಿದ. ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಪಕ್ಕದ ಮನೆಯ ತಿತ್ತುಸನ ಹತ್ತಿರ ಹೋಗಿ, "ನಿನ್ನ ನಾಯಿಗಳನ್ನ ಆ ಗುಡ್ಡದ ಆಚೆ ಕಟ್ಟು ಮಾರಾಯ, ಅತಿಥಿ ನಿದ್ದೆ ಮಾಡ್ಬೇಕು" ಎಂದು ಬೇಡಿಕೊಂಡ.

ತಿತ್ತುಸ್ ಮೀನುಗಾರ. ಊರಿನ ಯಾವ ವಿಷಯಕ್ಕೂ ಮೂಗು ತೂರಿಸದೆ ಬಿಟ್ಟವನಲ್ಲ. "ನಾಯಿ ಕೂಗದ ಊರಲ್ಲಿ ನಿದ್ದೆ ಹೇಗೆ ಬರುತ್ತೋ?" ಎಂದು ಕೇಳಿದ. ಕೊನೆಗೂ ಕಟ್ಟಲಿಲ್ಲ.

ಈಗ ಆ ದಿನ ಬಂದೇ ಬಿಟ್ಟಿತ್ತು. ಬಾವುಟ ಏರಿಸಿ, ಕಾಫಿ ಕುಡಿದು, ಎನೋಕ್ ಹೆಲಿಕಾಪ್ಟರ್ ಇಳಿಯುವ ಜಾಗಕ್ಕೆ ಹೋದ. ಕೊಲ್ಲಿಯಿಂದ ಮಂಜು ಎದ್ದು ಗುಡ್ಡವನ್ನೇ ನುಂಗಿ ಕೂತಿತ್ತು. "ಪಕ್ಕದೂರಲ್ಲೇ ನಿಂತಿದೆಯಂತೆ. ಮಂಜು ಕರಗಿದ್ರೆ ಬರಬಹುದು, ಕರಗದಿದ್ರೆ ನಾಳೆ ಬರಬಹುದು," ಎಂದ ಅಲ್ಲಿದ್ದವನು. ಎನೋಕ್ ಅಲ್ಲೇ ಬೆಂಚಿನ ಮೇಲೆ ಕಾದು ಕೂತ.

ಬೇಸರವಾಗಿ ಮನೆಗೆ ಬಂದರೆ ಬಾಗಿಲಲ್ಲಿ ಬೂಟುಗಳ ರಾಶಿ ಬಿದ್ದಿತ್ತು. ಒಳಗೆ ಊಟದ ಕೋಣೆಯಲ್ಲಿ ಊರಿಗೆ ಊರೇ ಕಾಲುಚೀಲದಲ್ಲಿ ಕೂತಿತ್ತು. ಲೌರಿಟ್ಸೆನ್ನರಿಗೆಂದು ಮಾಡಿದ ಕೇಕುಗಳು ಅರ್ಧ ಖಾಲಿ. ಬೊಲೆಟ್ಟೆ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಕೆಟಲ್ ಇಡುತ್ತಿದ್ದಳು.

"ಬಾರಪ್ಪ ಯಜಮಾನ," ಎಂದಳು. "ಜನ ದಡ್ಡರಲ್ಲ ಅಂದ್ಯಲ್ಲ, ಮಾತಾಡಿಸು."

ಮೂಲೆಯ ಕುರ್ಚಿಯಲ್ಲಿ ಸೋಫಿಯಾರಾಕ್ ಅಜ್ಜಿ ಕೂತಿದ್ದಳು. ಅರ್ಧ ಊರಿನ ಹೆರಿಗೆ ಮಾಡಿಸಿದವಳು. "ಏನಪ್ಪಾ ವಿಶೇಷ?" ಎಂದಳು ಬಾಯಿ ತುಂಬ ಕೇಕ್ ಇಟ್ಟುಕೊಂಡು. "ಇವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬೊಲೆಟ್ಟೆ ಬಸುರಿ ಅಂತಾನೂ ಹೇಳಿದ್ರು, ಈ ವಯಸ್ಸಲ್ಲಿ."

ಏನೂ ವಿಶೇಷವಿಲ್ಲ ಎಂದರೆ ಬಂದವರನ್ನು ಅವಮಾನ ಮಾಡಿದಂತೆ. ಬಾವುಟ ಏರಿಸಿ ಬಾಗಿಲು ಹಾಕಿದ ಮನೆ ಅಂತ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಎನೋಕ್ ಗಂಟಲು ಸರಿ ಮಾಡಿಕೊಂಡು, "ನನ್ನ ಹುಟ್ಟಿದಹಬ್ಬ" ಎಂದ.

"ನೀನು ಹುಟ್ಟಿದ್ದು ಸೂರ್ಯನೇ ಕಾಣದ ಚಳಿಗಾಲದಲ್ಲಿ," ಎಂದಳು ಅಜ್ಜಿ. "ದೀಪ ಹಿಡಿದು ಹೊರಗೆಳೆದವಳು ನಾನು. ಆಗಲೂ ನೀನು ಹಿಂಗೇ ಕಣ್ಣು ಕಣ್ಣು ಬಿಡ್ತಿದ್ದೆ."

ಕೋಣೆಯೆಲ್ಲ ನಕ್ಕಿತು. ಎನೋಕ್ ಸೋತು ನಿಜ ಹೇಳಿದ. ಅತಿಥಿ ಬರುತ್ತಾರೆ, ಅವರು ಮೆಚ್ಚಿದರೆ ಬದುಕು, ಇಲ್ಲದಿದ್ದರೆ ಸಿಗಡಿ ಎಂದ. ಅವರಿಗೆ ಗದ್ದಲ ಆಗುವುದಿಲ್ಲ ಎಂದೂ ಒತ್ತಿ ಹೇಳಿದ. ಇದನ್ನು ಕೇಳಿ ಎಲ್ಲರೂ ಎದ್ದು ಹೋಗುತ್ತಾರೆ ಅಂದುಕೊಂಡಿದ್ದ.

"ಮೊದಲ ಅತಿಥಿಯ ಕಾಫೆಮಿಕ್ ಅನ್ನು," ಎಂದ ತಿತ್ತುಸ್ ಕುರ್ಚಿ ಇನ್ನಷ್ಟು ಮುಂದಕ್ಕೆ ಎಳೆದುಕೊಂಡು. "ಮೊದಲ ಹಲ್ಲಿಗೆ ಮಾಡ್ತೀವಿ, ಮೊದಲ ಸೀಲ್ ಹೊಡೆದಾಗ ಮಾಡ್ತೀವಿ, ಇದಕ್ಯಾಕೆ ಮಾಡಬಾರದು? ಬರಲಿ, ನಾವೆಲ್ಲ ಸೇರಿ ಸ್ವಾಗತ ಮಾಡೋಣ. ನಾನು ಹೋಗಿ ಒಣಮೀನು ತರ್ತೀನಿ."

ಸುದ್ದಿ ಹಬ್ಬಿದ ಮೇಲೆ ಬಾರದೆ ಉಳಿದವರೂ ಬಂದರು. ಮಕ್ಕಳು ಮಹಡಿಗೆ ಹತ್ತಿ ಲೌರಿಟ್ಸೆನ್ನರ ಮಂಚದ ಮೇಲೆ ಕುಣಿದರು. ಪಕ್ಕದ ಕೋಣೆಯಲ್ಲಿ ಇಬ್ಬರು ಮುದುಕರು ಕೇಕಿನ ಭಾರಕ್ಕೆ ಮಲಗಿ ಗೊರಕೆ ಹೊಡೆದರು. ಯಾರೋ ಆ ದೊಡ್ಡ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಎನೋಕ್ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಹೆಲಿಕಾಪ್ಟರ್ ಜಾಗಕ್ಕೂ ಮನೆಗೂ ಓಡಾಡಿದ. ಮಂಜೂ ಕರಗಲಿಲ್ಲ, ಜನವೂ ಕರಗಲಿಲ್ಲ.

ಮೂರನೇ ಸಲ ಬಂದಾಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೊಸ ನರ್ಸಮ್ಮ ಕೂತಿದ್ದಳು. ನಮ್ಮ ಆಸ್ಪತ್ರೆಗೆ ಡೆನ್ಮಾರ್ಕಿನಿಂದ ನರ್ಸುಗಳು ಬರುತ್ತಾರೆ, ಎರಡು ತಿಂಗಳು ಇರುತ್ತಾರೆ, ಹೋಗುತ್ತಾರೆ. ಹೆಸರು ಕಲಿಯುವಷ್ಟರಲ್ಲಿ ಮುಖ ಬದಲಾಗುವುದರಿಂದ ಯಾರೂ ಹೆಸರು ಕೇಳುವ ಗೋಜಿಗೆ ಹೋಗುವುದಿಲ್ಲ. ಇವಳಿಗೆ ಐವತ್ತರ ಆಸುಪಾಸು. ಪಕ್ಕದಲ್ಲಿ ಚೀಲ, ತೊಡೆಯ ಮೇಲೆ ಕೇಕಿನ ತಟ್ಟೆ. ಸೋಫಿಯಾರಾಕ್ ಅಜ್ಜಿ ಆಗಲೇ ಲಂಗ ಎತ್ತಿ ಅವಳಿಗೆ ಮಂಡಿ ತೋರಿಸುತ್ತಿದ್ದಳು.

"ಇಲ್ಲಿ ಒತ್ತಿದ್ರೆ ಕಟಕಟ ಅನ್ನುತ್ತೆ ನೋಡು ತಾಯಿ. ಹೋದ ಸಲದವಳು ಮಾತ್ರೆ ಕೊಟ್ಟಳು, ಮಾತ್ರೆಗೂ ಕಟಕಟ ನಿಲ್ಲಲಿಲ್ಲ."

ನರ್ಸಮ್ಮ ಮರ್ಯಾದೆಗೆ ಮಂಡಿ ಒತ್ತಿ ನೋಡಿದಳು. ಅವಳ ಹಿಂದೆ ಹಲ್ಲು ತೋರಿಸುವವನೊಬ್ಬ, ಕಿವಿ ತೋರಿಸುವವಳೊಬ್ಬಳು ಸಾಲುಗಟ್ಟಿ ನಿಂತಿದ್ದರು. ಎನೋಕನನ್ನು ಕಂಡು ಅವಳು ನಗುತ್ತ, "ನೀವೇ ಯಜಮಾನರಾ? ನಾನು..." ಎಂದಳು.

"ಗೊತ್ತು, ಗೊತ್ತು," ಎಂದ ಎನೋಕ್ ತನಗೆ ಬರುವಷ್ಟು ಡೇನಿಷಿನಲ್ಲಿ. ಕಣ್ಣು ಮಾತ್ರ ಆ ಕುರ್ಚಿಯ ಮೇಲಿತ್ತು. ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಅದೊಂದೇ. ನೀರ್ಗಲ್ಲು ಪೂರ್ತಿ ಕಾಣುವುದೂ ಅಲ್ಲಿಂದಲೇ. ಲೌರಿಟ್ಸೆನ್ನರು ಈ ಗಳಿಗೆಯಲ್ಲಿ ಬಂದರೆ ಎಲ್ಲಿ ಕೂರಿಸುವುದು?

ಕಾಫೆಮಿಕ್ಕಿನಲ್ಲಿ ತಿಂದವರು ತಾವೇ ಎದ್ದು ಮುಂದಿನವರಿಗೆ ಜಾಗ ಬಿಡುತ್ತಾರೆ. ಕೂತವರನ್ನು ಮನೆಯವರು ಎಬ್ಬಿಸುವುದು ಎಲ್ಲೂ ಇಲ್ಲ. ಆದರೆ ಎನೋಕನಿಗೆ ಆಗ ರೀತಿ ನೀತಿ ಎಲ್ಲಿ ನೆನಪಿತ್ತು? ಅವಳ ಕೈಯಿಂದ ತಟ್ಟೆ ತೆಗೆದುಕೊಂಡ. "ತಿಂದಾಯ್ತಲ್ಲಮ್ಮ. ಹಿಂದೆ ಜನ ಕಾಯ್ತಿದ್ದಾರೆ. ಆಸ್ಪತ್ರೆ ಕೆಳಗಿದೆ, ಆ ಹಳದಿ ಮನೆ."

"ಆದರೆ ನಾನು..."

"ಪರವಾಗಿಲ್ಲ, ಪರವಾಗಿಲ್ಲ. ಚೀಲ ನಾನೇ ತರ್ತೀನಿ." ಚೀಲ ಎತ್ತಿಕೊಂಡು, ಬೂಟಿನ ರಾಶಿಯಿಂದ ಅವಳ ಬೂಟು ಹುಡುಕಿ ಕೊಟ್ಟು, ಮೆಟ್ಟಿಲಿನವರೆಗೂ ಬಿಟ್ಟು ಬಂದ. ತಾನು ಬಹಳ ನಯವಾಗಿ ನಡೆದುಕೊಂಡೆ ಎಂದೇ ಅವನ ಭಾವನೆ.

ಒಳಗೆ ಬಂದಾಗ ಎಲ್ಲರೂ ತಟ್ಟೆ ಕೆಳಗಿಟ್ಟಿದ್ದರು. "ಕೂತವರನ್ನ ಎಬ್ಬಿಸಿದ್ದು ನಾನು ಇದೇ ಮೊದಲು ನೋಡಿದ್ದು," ಎಂದಳು ಸೋಫಿಯಾರಾಕ್ ಅಜ್ಜಿ. "ಅದೂ ನನ್ನ ಎರಡನೇ ಮಂಡಿ ತೋರಿಸೋಕೆ ಮುಂಚೆ." ಅವಳು ಎದ್ದಳು. ಅವಳು ಎದ್ದರೆ ಊರೇ ಎದ್ದಂತೆ. ಒಬ್ಬೊಬ್ಬರಾಗಿ ಬೂಟು ಹಾಕಿಕೊಂಡು ಹೊರಟರು, ಒಬ್ಬರೂ ಎನೋಕನ ಮುಖ ನೋಡಲಿಲ್ಲ.

ಎನೋಕನಿಗೆ ಒಳಗೊಳಗೇ ಖುಷಿಯಾಯಿತು. ಮನೆ ಖಾಲಿ, ಕುರ್ಚಿ ಖಾಲಿ. ಗುಡಿಸಿದ, ಒರೆಸಿದ, ಹಾಸಿಗೆಯ ಬಟ್ಟೆ ಬದಲಾಯಿಸಿದ. ಕಿಟಕಿಯ ಹತ್ತಿರ ನಿಂತು ಮೈಯೆಲ್ಲ ಕಿವಿಯಾಗಿ ಹೆಲಿಕಾಪ್ಟರಿನ ಸದ್ದಿಗೆ ಕಾದ. ಸಂಜೆಯಾಯಿತು. ಮಂಜು ಕರಗಿ ಬಿಸಿಲು ಬಂತು, ಹೆಲಿಕಾಪ್ಟರೂ ಬಂತು, ಅದರಿಂದ ಅಂಚೆ ಚೀಲಗಳು ಮಾತ್ರ ಇಳಿದವು.

"ಲೌರಿಟ್ಸೆನ್ನರಾ?" ಎಂದ ಅಲ್ಲಿದ್ದವನು. "ಅವರು ಕಾಯೋಕಾಗದೆ ಬೆಳಿಗ್ಗೆನೇ ಯಾವುದೋ ಮೀನಿನ ದೋಣಿ ಹತ್ತಿ ಬಂದ್ರಂತಲ್ಲ. ಇನ್ನೂ ನಿನ್ನ ಮನೆಗೆ ಬಂದಿಲ್ವಾ?"

ಎನೋಕನಿಗೆ ನರ್ಸಮ್ಮ ನೆನಪಾದಳು. ಚೀಲ ನೆನಪಾಯಿತು. ಆ ಚೀಲಕ್ಕೆ ಮೀನಿನ ವಾಸನೆ ಇದ್ದದ್ದು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದೇ ಉಸಿರಿಗೆ ಹಳದಿ ಆಸ್ಪತ್ರೆಗೆ ಓಡಿದ. "ನಾವು ಯಾವ ನರ್ಸನ್ನೂ ಕರೆಸಿಲ್ಲ ಅಂತ ಕಳಿಸಿಬಿಟ್ವಿ," ಎಂದರು ಅವರು. "ಮೆಟ್ಟಿಲ ಮೇಲೆ ಕೂತಿದ್ರು. ತಿತ್ತುಸ್ ಬಂದು ಕರ್ಕೊಂಡು ಹೋದ."

ತಿತ್ತುಸನ ಮನೆಯೊಳಗೆ ಲೌರಿಟ್ಸೆನ್ ಮೇಡಂ ತಿತ್ತುಸನ ಹಳೆಯ ಸ್ವೆಟರ್ ತೊಟ್ಟುಕೊಂಡು ಸೀಲ್ ಸಾರು ಕುಡಿಯುತ್ತಿದ್ದರು. ಬಾಗಿಲಾಚೆ ನಾಯಿಗಳು ಒಂದೇ ಸಮನೆ ಊಳಿಡುತ್ತಿದ್ದವು. ಸೋಫಿಯಾರಾಕ್ ಅಜ್ಜಿ ಎರಡನೇ ಮಂಡಿಯನ್ನು ತೋರಿಸಿ ಮುಗಿಸಿದ್ದಳು. ಬೊಲೆಟ್ಟೆಯೂ ಅಲ್ಲೇ ಇದ್ದಳು. ಅವಳ ಮುಖ ನೋಡುವ ಧೈರ್ಯ ಎನೋಕನಿಗೆ ಬರಲಿಲ್ಲ.

"ಮೇಡಂ, ತಪ್ಪಾಯ್ತು," ಎಂದ. ಅಳು ಬರುವಂತಾಗಿತ್ತು. "ನೀವು ಯಾರು ಅಂತ ಗೊತ್ತಾಗ್ಲಿಲ್ಲ. ಕೋಣೆ ಈಗ ತಯಾರಿದೆ. ಗದ್ದಲ ಇಲ್ಲ. ದಯವಿಟ್ಟು ಬನ್ನಿ."

"ತಪ್ಪೇನು ಬಂತು?" ಎಂದರು ಲೌರಿಟ್ಸೆನ್. "ನೀವು ಬರೋವರೆಗೂ ನಾನೇ ಹೆಸರು ಹೇಳದೆ ನೋಡೋಣ ಅಂತ ಕೂತಿದ್ದೆ. ಎಷ್ಟು ಊರು ಸುತ್ತಿದ್ದೀನಿ, ಇಂಥ ಮನೆ ನೋಡಿರಲಿಲ್ಲ. ಯಾರು ಏನು ಅಂತ ಕೇಳದೆ ಕಾಫಿ ಕೊಟ್ಟರು, ಕೇಕ್ ಕೊಟ್ಟರು. ತಿಂದ ಮೇಲೆ ಎದ್ದು ಜಾಗ ಬಿಡಬೇಕು ಅಂತ ಓದಿದ್ದೆ, ಮರೆತೇ ಹೋಗಿತ್ತು. ನೀವು ನೆನಪಿಸಿ ಚೀಲ ಬೇರೆ ಹೊತ್ತು ತಂದ್ರಿ."

ಎನೋಕನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಗುಂಪುಗಳು?"

"ಖಂಡಿತ ಬರ್ತವೆ. ಬೇಸಿಗೆಯಿಡೀ ಬರ್ತವೆ." ಅವರು ಸಾರಿನ ಬಟ್ಟಲು ಕೆಳಗಿಟ್ಟರು. "ತಂಗೋದು ಇಲ್ಲಿ, ತಿತ್ತುಸ್ ಅವರ ಮನೇಲಿ, ಹಿಡಿಸದವರು ಅಂಗಳದ ಡೇರೇಲಿ. ನಿಮ್ಮ ಕೋಣೆಗಳಲ್ಲಿ ಜಾಗವೇ ಇರಲ್ಲ, ನಾನೇ ಮೇಲೆ ಹೋಗಿ ನೋಡಿದೆ, ಒಂದರಲ್ಲಿ ಮಕ್ಕಳು ಕುಣೀತಿದ್ರು, ಇನ್ನೊಂದರಲ್ಲಿ ಅಜ್ಜಂದಿರು ಮಲಗಿದ್ರು. ಅವರನ್ನ ಎಬ್ಬಿಸೋದು ಪಾಪ. ಇಲ್ಲಿ ನಾಯಿಗಳ ಕೂಗು ಕೇಳ್ತಾ ಮಲಗೋದು ಎಷ್ಟು ಹಿತ. ಆದರೆ ದೋಣಿ ಇಳಿದ ಪ್ರತಿ ಗುಂಪನ್ನೂ ಮೊದಲು ನಿಮ್ಮ ಮನೆಗೇ ಕಳಿಸ್ತೀನಿ, ಕಾಫಿ ಕೇಕಿಗೆ. ಕಾಫೆಮಿಕ್ಕಿಗೆ ದುಡ್ಡು ಕೊಟ್ರೆ ಮನೆಯವರಿಗೆ ಅವಮಾನ ಅಂತ ತಿತ್ತುಸ್ ಹೇಳಿದ್ರು. ನಾವು ಅಂಥ ಅವಮಾನ ಮಾಡೋದಿಲ್ಲ. ಒಂದೊಂದು ಗುಂಪಲ್ಲಿ ನಲವತ್ತು ಜನ ಇರ್ತಾರೆ. ಆಗಬಹುದಾ?"

ತಿತ್ತುಸ್ ನೆಲ ನೋಡುತ್ತ ಸಾರು ಕಲಕುತ್ತಿದ್ದ. ಎಲ್ಲರೂ ಎನೋಕನನ್ನೇ ನೋಡುತ್ತಿದ್ದರು. ಮೂಗು ಸುಕ್ಕಿಸಬೇಕು ಎಂದು ಅವನು ನಿಜವಾಗಿಯೂ ಅಂದುಕೊಂಡಿದ್ದ. ಆದರೆ ನಲವತ್ತು ಎಂಬ ಮಾತು ತಲೆಗೆ ಇಳಿಯುತ್ತಿದ್ದಂತೆ ಗಾಬರಿಗೆ ಅವನ ಎರಡು ಹುಬ್ಬುಗಳೂ ತಾವಾಗಿಯೇ ಹಣೆಯ ತುದಿಗೆ ಹೋಗಿ ನಿಂತವು.

"ಒಪ್ಕೊಂಡ," ಎಂದಳು ಸೋಫಿಯಾರಾಕ್ ಅಜ್ಜಿ. "ಇಷ್ಟು ಮೇಲಕ್ಕೆ ಏರಿಸಿದ್ದು ನಾನು ನೋಡೇ ಇಲ್ಲ. ಒಳ್ಳೇ ಮನಸ್ಸು ಪಾಪ."

ಎಲ್ಲರೂ ಅವನ ಬೆನ್ನು ತಟ್ಟಿದರು. ಹಗಲಿನ ಸಿಟ್ಟು ಮರೆತರು. ಮನೆಯ ಬಾಗಿಲಲ್ಲಿ ಬೂಟು ಬಿಚ್ಚುತ್ತ ಬೊಲೆಟ್ಟೆ ಕೇಳಿದಳು, "ನಲವತ್ತು ಜನಕ್ಕೆ ಕಾಫಿ ಪುಡಿ, ಸಕ್ಕರೆ ಎಲ್ಲಿಂದ ಬರುತ್ತೆ?"

ಸೋಮವಾರ ಬೆಳಿಗ್ಗೆ ಎನೋಕ್ ಸಿಗಡಿ ಕಾರ್ಖಾನೆಯ ಸಾಲಿನಲ್ಲಿ ನಿಂತಿದ್ದ. ಸಂಜೆ ಅವನು ಮನೆಗೆ ಬರುವಾಗ ತಿತ್ತುಸನ ನಾಯಿಗಳು ಬಾಲ ಆಡಿಸುತ್ತ ಹಿಂದೆಯೇ ಬಂದವು. ಮನೆಯ ಮುಂದೆ ಬಾವುಟ ಹಾರುತ್ತಿತ್ತು, ಬಾಗಿಲಲ್ಲಿ ಬೂಟುಗಳ ರಾಶಿ ಬಿದ್ದಿತ್ತು.