ಸ್ಕ್ಯಾನರಿನ ಹಣೆಗೆ ಗಂಧ

ಯಂತ್ರ ಯಾವುದೇ ಇರಲಿ, ಅದಕ್ಕೊಂದು ಬೊಟ್ಟು ಕುಂಕುಮ ಬೀಳುವವರೆಗೆ ನಮ್ಮವರಿಗೆ ಅದರ ಮೇಲೆ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ತಯಾರಿಸಿದ ಕಂಪನಿ ಎಷ್ಟೇ ದೊಡ್ಡದಿರಲಿ, ಗ್ಯಾರಂಟಿ ಎಷ್ಟೇ ವರ್ಷದ್ದಿರಲಿ, ಆಯುಧಪೂಜೆಯ ದಿನ ಅದು ಹೂವು ಮುಡಿಯಲೇಬೇಕು. ಇದರಲ್ಲಿ ದುಬೈಗೆ ರಿಯಾಯಿತಿ ಇಲ್ಲ. ಪ್ರತಿವರ್ಷ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ನಾನು ಮೆಲ್ಲಗೆ ಮುಂದಕ್ಕೆ ಬಿಡುವಾಗ ಪೇಶಾವರದ ವಾಚ್‌ಮನ್ ಬಂದು ಗಂಭೀರವಾಗಿ ನಿಂತು ನೋಡುತ್ತಾನೆ. ಮೊದಲ ವರ್ಷ "ಹಣ್ಣು ಬಿದ್ದುಹೋಗಿದೆ ಸಾಬ್" ಎಂದು ಎತ್ತಿ ಕೊಟ್ಟಿದ್ದ. ಈಗ ಅವನೇ "ಇನ್ನೊಂಚೂರು ಎಡಕ್ಕೆ" ಎಂದು ಕೈ ತೋರಿಸುತ್ತಾನೆ.

ನನ್ನ ಉದ್ಯೋಗ ಹಳೆಯ ಕಟ್ಟಡಗಳನ್ನು ಸ್ಕ್ಯಾನ್ ಮಾಡುವುದು. ಹೀಗೆಂದರೆ ಕನ್ನಡ ಸಂಘದ ಊಟದಲ್ಲಿ ಪಕ್ಕದಲ್ಲಿ ಕೂತವರು "ಯಾವ ಆಸ್ಪತ್ರೆಯಲ್ಲಿ?" ಎಂದು ಕೇಳುತ್ತಾರೆ. ವಿವರಿಸಿದರೆ ಇನ್ನೂ ಕಷ್ಟ. "ದುಬೈಯಲ್ಲಿ ಹಳೇ ಕಟ್ಟಡ ಎಂತದು ಮಾರಾಯ್ರೆ, ನನ್ನ ಕಾರೇ ಇಲ್ಲಿನ ಕಟ್ಟಡಗಳಿಗಿಂತ ಹಳತು" ಎಂದು ನಗುತ್ತಾರೆ. ಅಂಥವರನ್ನು ಕೈಹಿಡಿದು ಬರ್ ದುಬೈಯ ಗಲ್ಲಿಗಳಿಗೆ ಕರೆದೊಯ್ಯಬೇಕೆನಿಸುತ್ತದೆ. ಬಟ್ಟೆ ಅಂಗಡಿಗಳ ಹಿಂದೆ, ಅಬ್ರಾ ದೋಣಿಗಳ ಸದ್ದು ಕೇಳುವಷ್ಟು ದೂರದಲ್ಲಿ, ಹವಳದ ಕಲ್ಲಿನಿಂದ ಕಟ್ಟಿದ ಮನೆಗಳಿವೆ. ಅವುಗಳ ನೆತ್ತಿಯ ಮೇಲೆ ನಾಲ್ಕೂ ದಿಕ್ಕಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರಗಳು. ನಮ್ಮೂರಲ್ಲಿ ಗಾಳಿಗೋಪುರ ಕಟ್ಟುವವನನ್ನು ಕೆಲಸಕ್ಕೆ ಬಾರದವನು ಎನ್ನುತ್ತಾರೆ. ಇಲ್ಲಿ ನಾನು ಅದನ್ನು ಕಾಯುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ.

ಕೆಲಸ ಹೇಳಲಿಕ್ಕೆ ಸುಲಭ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತ ಸ್ಕ್ಯಾನರು ಸುತ್ತ ತಿರುಗುತ್ತಾ ಲೇಸರ್ ಬೆಳಕು ಬಿಡುತ್ತದೆ. ಬೆಳಕು ಗೋಡೆಗೆ ತಾಗಿ ಮರಳಿದಲ್ಲೆಲ್ಲ ಒಂದು ಚುಕ್ಕಿ. ಹೀಗೆ ಲಕ್ಷಗಟ್ಟಲೆ ಚುಕ್ಕಿಗಳು ಸೇರಿ, ರಂಗೋಲಿ ಎದ್ದು ನಿಂತ ಹಾಗೆ, ಇಡೀ ಮನೆ ಕಂಪ್ಯೂಟರಿನೊಳಗೆ ತಯಾರಾಗುತ್ತದೆ. ಮರುವರ್ಷ ಮತ್ತೆ ಸ್ಕ್ಯಾನ್ ಮಾಡಿ ಎರಡನ್ನೂ ಒಂದರ ಮೇಲೊಂದು ಇಟ್ಟರೆ, ಕದಲದ ಜಾಗ ಹಸಿರು, ಕದಲಿದ ಜಾಗ ಕೆಂಪು. ಕಣ್ಣಿಗೆ ಬಿರುಕು ಕಾಣುವ ಮೊದಲೇ ಗೋಡೆಯ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಗೊತ್ತಾಗುತ್ತದೆ. ಈ ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ. ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ.

ಆ ವರ್ಷದ ಆಯುಧಪೂಜೆ ಗುರುವಾರ ಬಿತ್ತು. ಮರುದಿನ ಶುಕ್ರವಾರ, ರಜೆಯ ದಿನ, ಗಲ್ಲಿಗಳು ಖಾಲಿ ಇರುವಾಗಲೇ ಒಂದು ಮನೆಯ ಸ್ಕ್ಯಾನ್ ಇತ್ತು. ಆಫೀಸಿರುವುದು ದೂರದ ಅಲ್ ಕೂಜ್‌ನಲ್ಲಿ. ಹಾಗಾಗಿ ಸ್ಕ್ಯಾನರನ್ನು ಮನೆಗೇ ತಂದಿದ್ದೆ. ಮಿಕ್ಸಿ, ಲ್ಯಾಪ್‌ಟಾಪ್, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಹೆಂಡತಿ ಯಶೋದಾ ಅದನ್ನೂ ಕೂರಿಸಿದಳು.

"ಎಲ್ಲದಕ್ಕೂ ಹಣೆ ಅಂತ ಒಂದು ಉಂಟು. ಇದಕ್ಕೆ ಎಲ್ಲಿ ಮಾರಾಯ್ರೆ?" ಎಂದು ಅದನ್ನು ಸುತ್ತಿ ಬಂದಳು. ನಾನು ಸ್ಟ್ಯಾಂಡಿನ ಕಾಲು ತೋರಿಸಿದೆ. ಕಾಲಿಗೆ ಯಾರಾದರೂ ಬೊಟ್ಟು ಇಡುತ್ತಾರಾ ಎಂದು ಗದರಿ, ಹೊಳೆಯುತ್ತಿದ್ದ ಗಾಜೇ ಮುಖವೆಂದು ತೀರ್ಮಾನಿಸಿ ಬೆರಳಿನ ತುಂಬ ಗಂಧ ತೆಗೆದಳು. ಊದ್ ಮೇಥಾದ ಶಾಲೆಯಲ್ಲಿ ಓದುವ ಮಗಳು "ಅಮ್ಮಾ, ಡೋಂಟ್ ಟಚ್ ದ ಗ್ಲಾಸ್" ಎಂದಳು. "ನಿನ್ನ ಮುಖಕ್ಕೂ ಕನ್ನಡಕ ಉಂಟಲ್ಲ, ನೀನು ಬೊಟ್ಟು ಇಡುವುದಿಲ್ವಾ?" ಎಂಬ ಉತ್ತರದೊಂದಿಗೆ ಗಂಧ ಬಿದ್ದೇ ಬಿತ್ತು. ಮಂಗಳಾರತಿ ಮುಗಿಯುವವರೆಗೆ ಒರೆಸುವಂತಿಲ್ಲ. ಆಮೇಲೆ ಒರೆಸಿದೆ, ಪೂರ್ತಿ ಹೋಯಿತೆಂದೇ ತಿಳಿದೆ.

ಆ ಶುಕ್ರವಾರದ ಮನೆ ಹಾಜಿಯವರದು. ಹಾಜಿ ಆ ಮನೆಯಲ್ಲೇ ಹುಟ್ಟಿದವರು, ಮುಂಬೈ ವ್ಯಾಪಾರಿಗಳಿಂದ ಹಿಂದಿ ಕಲಿತವರು. ನನ್ನನ್ನು ಮುಹಂದಿಸ್, ಅಂದರೆ ಎಂಜಿನಿಯರ್, ಎಂದು ಕರೆಯುತ್ತಾರೆ. ಹಾಗೆ ಕರೆದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮುಂದಿನ ಶುಕ್ರವಾರ ಅಬುಧಾಬಿಯಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಬರುತ್ತಾರೆ, ಗೋಪುರದ ಕೆಳಗೆ ಬಂದವರನ್ನು ಕೂರಿಸುವ ಮಜ್ಲಿಸ್ ಕೋಣೆಯಲ್ಲೇ ಊಟ, ಎಷ್ಟೋ ವರ್ಷದ ಮೇಲೆ ಮನೆ ತುಂಬುತ್ತದೆ ಎಂದು ಕಣ್ಣರಳಿಸಿ ಹೇಳಿದರು. "ಕೋಣೆ ಗಟ್ಟಿಯಾಗಿದೆ ತಾನೆ, ಮುಹಂದಿಸ್?" ಎಂದು ಕೇಳಿದರು. ನಾನು ಗೋಡೆಗೆ ಎರಡು ತಟ್ಟಿ "ಮಾಫಿ ಮುಶ್ಕಿಲ್", ಏನೂ ತೊಂದರೆಯಿಲ್ಲ, ಎಂದೆ.

ಮುಶ್ಕಿಲ್ ಭಾನುವಾರ ಆಫೀಸಿನಲ್ಲಿ ಕಾದಿತ್ತು. ಚುಕ್ಕಿಗಳನ್ನು ಮನೆಯಾಗಿ ಜೋಡಿಸುವವನು ಹುಬ್ಬಳ್ಳಿಯ ಬಸವರಾಜ. ಪರದೆ ತಿರುಗಿಸಿ "ಸರ, ಇಲ್ಲಿ ನೋಡ್ರಿ. ಮಜ್ಲಿಸ್ ಗ್ವಾಡಿ ಹ್ವಾದ ವರ್ಷಕ್ಕಿಂತ ಮುಂದಕ್ಕ ಬಂದೇತಿ" ಎಂದ. ಹಸಿರು ಗೋಡೆಯ ನಡುವೆ ದೊಡ್ಡ ಕೆಂಪು ಕಲೆ. ನೋಡಿದ ಕೂಡಲೇ ನನಗೆ ಕಂಡದ್ದು ಯಶೋದಾಳ ಬೆರಳು. ಗಾಜಿನ ಅಂಚಿನಲ್ಲಿ ಗಂಧದ ಪಸೆ ಇನ್ನೂ ಇತ್ತು. ನಡೆದದ್ದನ್ನು ಹೇಳಿದೆ. ಬಸವರಾಜ ನಗಲಿಲ್ಲ, ಅವನ ಮನೆಯಲ್ಲಿ ಆ ದಿನ ಕಂಪ್ಯೂಟರಿನ ಮೌಸ್‌ಗೂ ಪೂಜೆ ಆಗಿತ್ತಂತೆ. "ಹಂಗಾದ್ರ ಅಳಿಸಿಬಿಡ್ಲೇನ್ರಿ?" ಎಂದು ಕೇಳಿದ. ಸ್ಕ್ಯಾನರು ಕಂಡ ಬೇಡದ ಚುಕ್ಕಿಗಳನ್ನು, ಹಾರುವ ಪಾರಿವಾಳ, ತೂಗುವ ಪರದೆ ಇತ್ಯಾದಿ, ಅಳಿಸುವುದು ನಮ್ಮ ನಿತ್ಯದ ಕೆಲಸವೇ. ಒಂದು ಗುಂಡಿ ಒತ್ತಿದರೆ ಕಲೆಯೂ ಇಲ್ಲ, ಗಂಧದ ಕತೆಯೂ ಇಲ್ಲ, ನನ್ನ ಮರ್ಯಾದೆಯೂ ಉಳಿಯಿತು.

"ಅಳಿಸು" ಎಂದು ಬಾಯಿ ತೆರೆದವನಿಗೆ ಮಜ್ಲಿಸಿನಲ್ಲಿ ಕೂರುವ ಕ್ರಮ ನೆನಪಾಯಿತು. ಅಲ್ಲಿ ನಡುವೆ ಯಾರೂ ಕೂರುವುದಿಲ್ಲ. ಎಲ್ಲರೂ ಗೋಡೆಗುಂಟ ಹಾಸಿದ ದಿಂಬುಗಳಿಗೆ ಒರಗಿ ಸಾಲಾಗಿ ಕೂರುವುದು. ಕೆಂಪು ನಿಜವಾಗಿದ್ದರೆ ಹಾಜಿಯ ಮೊಮ್ಮಕ್ಕಳ ಬೆನ್ನೆಲ್ಲ ಆ ಗೋಡೆಗೇ. ನನಗೆ ಹೆದರಿಕೆಯಾಯಿತು. ಸುಳ್ಳಾಗಿದ್ದರೆ, ಒಂದು ಬೊಟ್ಟು ಗಂಧಕ್ಕಾಗಿ ಮುದುಕರ ಹಬ್ಬ ಕೆಡಿಸಿದ ಹಾಗೆ. ಗಾಜನ್ನು ವಿಧಿವತ್ತಾಗಿ ಸ್ವಚ್ಛಮಾಡಿಸಿ, "ಯಲ್ಲಾ, ನಡಿ" ಎಂದು ಬಸವರಾಜನನ್ನೂ ಕರೆದುಕೊಂಡು ಮತ್ತೆ ಬರ್ ದುಬೈಗೆ ಹೋದೆ.

ಮರುಸ್ಕ್ಯಾನಿನಲ್ಲೂ ಕೆಂಪು ಅಲ್ಲೇ ಇತ್ತು. ಗಂಧ ನಿರಪರಾಧಿ, ಗೋಡೆಯೇ ಒಂದು ಹೆಬ್ಬೆರಳಿನ ದಪ್ಪ ಮುಂದಕ್ಕೆ ಬಂದಿತ್ತು. ಹಾಜಿಗೆ ಹೇಳಿದಾಗ ಅವರು ಸಿಟ್ಟಾದರು. "ಇದು ನನ್ನ ಅಜ್ಜ ಕಟ್ಟಿಸಿದ ಗೋಡೆ. ನಾನು ದಿನಾ ಒರಗುತ್ತೇನೆ. ಮೊನ್ನೆ ನೀನೇ ತಟ್ಟಿ ನೋಡಿದೆಯಲ್ಲ" ಎಂದರು. ಪರದೆ ತೋರಿಸಿದೆ. ಕೆಂಪಿನ ಮೇಲೆ ಬೆರಳಾಡಿಸಿ, "ಖಲಾಸ್, ಅಂಗಳದಲ್ಲೇ ಊಟ" ಎಂದು ಎದ್ದುಹೋದರು. ಗಾರೆ ಕಿತ್ತು ನೋಡಿದರೆ ಒಳಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ತೊಲೆಯ ತುದಿ ಕೊಳೆತು ಪುಡಿಯಾಗಿತ್ತು. ಗಾಳಿಗೆಂದೇ ಕಟ್ಟಿದ ಕೋಣೆಗೆ ಯಾರೋ ಎಂದೋ ಏಸಿ ಕೂರಿಸಿದ್ದರು. ಅದರ ನೀರು ವರ್ಷಗಟ್ಟಲೆ ಗೋಡೆಯೊಳಗೇ ಇಳಿದಿತ್ತು. ಇನ್ನೊಂದು ಬೇಸಿಗೆ ತಡೆಯುತ್ತಿರಲಿಲ್ಲ ಎಂದರು ಕೆಲಸದವರು. ಸಂಜೆಯ ಹೊತ್ತಿಗೆ ಹೆದರಿಕೆಯೆಲ್ಲ ಇಳಿದು ಹೆಮ್ಮೆ ಏರಿತ್ತು. ಮನೆಯಲ್ಲಿ ಹೇಳಿದೆ. "ಗಂಧ ಹಚ್ಚಿದ್ದಕ್ಕೇ ಅದಕ್ಕೆ ಅಷ್ಟು ಕಂಡದ್ದು" ಎಂದು ಯಶೋದಾ ಶ್ರೇಯಸ್ಸನ್ನು ತನ್ನ ಕಡೆಗೆ ಎಳೆದುಕೊಂಡಳು.

ನಾನಂತೂ ಆವತ್ತೇ ಬಸವರಾಜನಿಗೆ ಕಟ್ಟಪ್ಪಣೆ ಮಾಡಿದೆ: ಇನ್ನು ಮುಂದೆ ಕೆಂಪು ಕಂಡರೆ ಯಾವ ಚುಕ್ಕಿಯನ್ನೂ ಅಳಿಸಕೂಡದು.

ದುರಸ್ತಿಯಾಗಿ ಮುಂದಿನ ಚಳಿಗಾಲ ಬಂದಾಗ ಆ ಮನೆಯನ್ನು ಮತ್ತೆ ಸ್ಕ್ಯಾನ್ ಮಾಡಿದೆವು. ಫಲಿತಾಂಶ ತೋರಿಸಲು ಹಾಜಿ ತಮ್ಮ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಮಜ್ಲಿಸಿಗೆ ಕರೆಸಿದ್ದರು. ಅಂಗಳಕ್ಕೆ ಓಡಿದ ಚಿಕ್ಕವರನ್ನು ಬಿಟ್ಟರೆ ಎಲ್ಲರೂ ಅದೇ ಗೋಡೆಗೆ ಒರಗಿ ಕೂತಿದ್ದರು. ಅದನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು. ಬಸವರಾಜ ಪರದೆಯ ಮೇಲೆ ಮನೆಯನ್ನು ತಿರುಗಿಸಿದ. ಗೋಡೆ ಹಸಿರು, ಗೋಪುರ ಹಸಿರು. ಹಾಜಿ ನನ್ನ ಹೆಗಲ ಮೇಲೆ ಕೈಯಿಟ್ಟು "ನಮ್ಮ ಮುಹಂದಿಸ್" ಎಂದು ಎಲ್ಲರಿಗೂ ಪರಿಚಯಿಸಿದರು. ಅಷ್ಟರಲ್ಲಿ ಅವರ ಕೈ ಹಾಗೇ ನಿಂತಿತು. "ಅದೇನು?" ಎಂದರು. ಅಂಗಳದ ಕಂಬದ ಒಂದು ಮಗ್ಗುಲಲ್ಲಿ, ಸೊಂಟದ ಎತ್ತರದಲ್ಲಿ, ಉಬ್ಬಿದ ಕೆಂಪು.

ಅಂಗಳದಲ್ಲಿ ಆಡುತ್ತಿದ್ದ ಸಣ್ಣ ಮಕ್ಕಳನ್ನು ಒಳಗೆ ಕರೆಯಿರಿ ಎಂದರು ಹಾಜಿ. ನಾನು ಬಸವರಾಜನತ್ತ ನೋಡಿದೆ. "ನೀವ ಹೇಳಿದ್ರಲ್ರಿ ಸರ, ಏನೂ ಅಳಿಸಬ್ಯಾಡ ಅಂತ" ಎಂದು ಅವನು ಮೆಲ್ಲಗೆ ಹೇಳಿ, ಬೇಡವೆನ್ನುವ ಮೊದಲೇ ಆ ಜಾಗವನ್ನು ದೊಡ್ಡದು ಮಾಡಿದ. ಕೆಂಪು ತೆಗೆದು ನಿಜಬಣ್ಣ ಹಾಕಿದಾಗ ಕಂಡದ್ದು ನೀಲಿ ಚೌಕುಳಿ ಅಂಗಿಯ ಬಟ್ಟೆ ಮತ್ತು ಅದರ ಒಂದು ಗುಂಡಿ. ಸ್ಕ್ಯಾನರು ತಿರುಗುವಾಗ ಅದರ ಕಣ್ಣಿಗೆ ಬೀಳದ ಹಾಗೆ ನಾವು ಕಂಬದ ಹಿಂದೆ ನಿಲ್ಲುವುದು ವಾಡಿಕೆ. ಹಿಂದಿನ ವರ್ಷ ಆ ಕಂಬ ನನಗೆ ಸಾಲುತ್ತಿತ್ತು.

"ಹಾಜಿ, ಕಂಬ ಗಟ್ಟಿಯಾಗಿದೆ. ಉಬ್ಬಿದ್ದು ನಾನು" ಎಂದೆ.

ಹಾಜಿ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಬಸವರಾಜನ ಬೆರಳು ಆಗಲೇ ಅಳಿಸುವ ಗುಂಡಿಯ ಮೇಲಿತ್ತು. ಹಾಜಿ ಅವನ ಕೈ ಹಿಡಿದು ತಡೆದರು.

"ಬೇಡ, ಅಳಿಸಬೇಡ" ಎಂದರು. "ಮುಂದಿನ ವರ್ಷ ಹೋಲಿಸಿ ನೋಡಬೇಕಲ್ಲ."