ಮೂರನೇ ಗುಂಡಿ ಇಲ್ಲದ ಓವರ್‌ಕೋಟು

ವಿಜಯಪುರ ಜಿಲ್ಲೆಯಲ್ಲಿ ಕೋಟು ತೊಡುವಂಥ ಚಳಿ ಬೀಳುವುದಿಲ್ಲ. ಚಳಿ ಬೀಳದ ಕಾರಣ ಕೋಟುಗಳು ಸವೆಯುವುದಿಲ್ಲ. ಸವೆಯದ ಕಾರಣ ಹಳೆಯ ಕೋಟುಗಳ ಸಂರಕ್ಷಣೆಗೆ ಇದಕ್ಕಿಂತ ತಕ್ಕ ಜಿಲ್ಲೆ ರಾಜ್ಯದಲ್ಲಿ ಮತ್ತೊಂದಿಲ್ಲ. ಇದನ್ನು ಮನಗಂಡು ಸ್ಟೇಷನ್ ರಸ್ತೆಯಲ್ಲಿ, ಒಂದು ಬೇಕರಿಯ ಮಾಳಿಗೆಯ ಮೇಲೆ, ಪುರುಷರ ಪ್ರಾಚೀನ ಮೇಲಂಗಿ ಖರೀದಿ ಮತ್ತು ಸಂರಕ್ಷಣಾ ಮಂಡಳಿಯನ್ನು ಸ್ಥಾಪಿಸಲಾಯಿತು.

ಮಂಡಳಿಯ ಅಧಿಕಾರಿ ಸುಶೀಲೇಂದ್ರ ಅವರು ಅಧ್ಯಯನಕ್ಕೆಂದು ಲಂಡನ್, ಮಿಲಾನ್ ನಗರಗಳ ಹಳೆಬಟ್ಟೆ ಸಂತೆಗಳನ್ನು ಸುತ್ತಿ ಬಂದರು. ಆ ಸಂತೆಗಳಲ್ಲಿ ಅಡ್ಡಾಡಿದವರಿಗೆ ಗೊತ್ತು: ಅಲ್ಲಿ ಸತ್ತವರ ಕೋಟನ್ನು ಬದುಕಿರುವವರು ಕೊಳ್ಳುತ್ತಾರೆ, ಎಷ್ಟು ಹಿಂದೆ ಸತ್ತರೋ ಬೆಲೆ ಅಷ್ಟು ಹೆಚ್ಚು. ಸಾಹೇಬರು ಇದನ್ನು ತಮ್ಮ ವರದಿಯಲ್ಲಿ ‘ಪರಂಪರೆ’ ಎಂಬ ಒಂದೇ ಶಬ್ದದಲ್ಲಿ ಅಡಕ ಮಾಡಿದರು. ವರದಿಯ ಪ್ರಕಾರ ಗಂಡಸರ ಕೋಟುಗಳಲ್ಲಿ ಮಾನ್ಯತೆ ಪಡೆದ ಶೈಲಿಗಳು ಮೂರು. ನಡುವಿಗೆ ಪಟ್ಟಿ ಬಿಗಿಯುವುದು ಟ್ರೆಂಚ್ ಕೋಟು, ಹಡಗಿನವರು ತೊಡುವುದು ಪೀ ಕೋಟು, ಮೊಣಕಾಲು ಮುಚ್ಚುವುದು ಓವರ್‌ಕೋಟು. ನಮ್ಮ ಕಡೆಯ ಹಿರಿಯರು ಧೋತರದ ಮೇಲೆ ತೊಡುವ ಕರಿ ಕೋಟು ಶೈಲಿಯಲ್ಲ, ಬರೀ ಅಭ್ಯಾಸ.

ಇಷ್ಟಾದರೂ ಮಂಡಳಿಗೆ ಒಂದೂ ಹಳೆಯ ಕೋಟು ಸಿಗಲಿಲ್ಲ. ಅನುದಾನ ವಾಪಸು ಹೋಗಲಿದ್ದ ಹೊತ್ತಿನಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ, ಮಮದಾಪುರದ ಧೂಳಪ್ಪನವರು ಓವರ್‌ಕೋಟು ತೊಟ್ಟು, ಬೆವರು ಒರೆಸಿಕೊಳ್ಳುತ್ತ, ಮೆಟ್ಟಿಲು ಹತ್ತಿ ಬಂದರು. ಫಲಕದ ಮೇಲಿನ ಕೋಟಿನ ಚಿತ್ರ ನೋಡಿ ದರ್ಜಿ ಅಂಗಡಿ ಎಂದು ತಿಳಿದಿದ್ದರು.

ಮುಂದಿನ ಸೋಮವಾರ ಬಬಲೇಶ್ವರದ ಕಲ್ಯಾಣ ಮಂಟಪದಲ್ಲಿ ಅವರ ಮಗಳು ವಿಶಾಖಾಳ ಲಗ್ನವಿತ್ತು. ಹೆಣ್ಣಿನ ತಂದೆ ಈ ಕೋಟು ತೊಟ್ಟೇ ಬೀಗರನ್ನು ಅಪ್ಪಿಕೊಳ್ಳಬೇಕು, ತೊಟ್ಟೇ ಧಾರೆ ಎರೆಯಬೇಕು ಎಂಬುದು ಅವರ ಮನೆತನದ ಪದ್ಧತಿ. ಆದರೆ ಮೇಲಿನಿಂದ ಮೂರನೇ ಗುಂಡಿ ಉದುರಿಹೋಗಿತ್ತು.

“ಒಂದ್ ಗುಂಡಿ ಹಚ್ಚಿಕೊಡ್ರಿ, ಬಸ್ಸಿಗಿ ಹೊತ್ತಾಕ್ಕೈತಿ,” ಎಂದರು ಧೂಳಪ್ಪನವರು.

ಸುಶೀಲೇಂದ್ರ ಎದ್ದು ಬಂದು ಕೋಟಿನ ಅಂಚು ಮುಟ್ಟಿ ನೋಡಿದರು. “ಬರ್ರಿ ಯಜಮಾನ್ರ, ಕುರ್ಚಿ ಮ್ಯಾಲ ಕೂಡ್ರಿ. ಪೂರ್ವಾ, ಫ್ಯಾನ್ ಹಚ್ಚವಾ. ಇದು ಯಾರ ಕೋಟ್ರಿ?”

“ನಮ್ಮಜ್ಜಂದ್ರಿ.”

“ಅಜ್ಜಾರು ಈಗ ಎಲ್ಲಿದ್ದಾರ?”

“ತೀರಿಕೊಂಡು ಭಾಳ ವರ್ಷ ಆತ್ರಿ.”

“ಭಾಳ ಛಲೋ ಆತು,” ಎಂದರು ಸಾಹೇಬರು.

ಕೋಟನ್ನು ಅಲ್ಲೇ ಬಿಚ್ಚಿಸಿ ಮಂಡಳಿಯ ‘ಮಾದರಿ ಕೋಟು’ ಎಂದು ಘೋಷಿಸಲಾಯಿತು. ಖರೀದಿಗೆ ಮಾರುವವನ ಒಪ್ಪಿಗೆ ಬೇಕೆಂದು ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ. ಕೋಟು ಕಳಚಿದ ಕೂಡಲೇ ಗುಮಾಸ್ತೆ ಪೂರ್ವಾ ಧೂಳಪ್ಪನನ್ನು ಕುರ್ಚಿಯಿಂದ ಎಬ್ಬಿಸಿದಳು. ಕುರ್ಚಿ ಕೋಟಿಗೆ ಬೇಕಾಗಿತ್ತು.

“ಗುಂಡಿನಾರ ಹಚ್ಚರಿ,” ಎಂದು ಧೂಳಪ್ಪ ಬಾಗಿಲಲ್ಲಿ ನಿಂತು ಕೇಳಿದ. ಹಾಗೆ ಮಾಡುವುದು ಪರಂಪರೆಗೆ ಅಪಚಾರವೆಂದು ಅವನಿಗೆ ತಿಳಿಸಲಾಯಿತು.

ಮರುದಿನ ಪ್ರಕಟಣೆ ಹೊರಬಿತ್ತು: “ಯಾವ ಕೋಟಿಗೆ ಮೇಲಿನಿಂದ ಮೂರನೇ ಗುಂಡಿ ಇರುವುದಿಲ್ಲವೋ ಅದನ್ನು ಪ್ರಾಚೀನವೆಂದು ಪರಿಗಣಿಸಿ ಯೋಗ್ಯ ಬೆಲೆಗೆ ಖರೀದಿಸಲಾಗುವುದು. ನಾಲ್ಕನೇ ಗುಂಡಿ ಕಳೆದುಕೊಂಡವರು ಬರತಕ್ಕದ್ದಲ್ಲ.” ಸಂಜೆಯೊಳಗೆ ಊರಿನ ಹೊಸ ಕೋಟುಗಳೆಲ್ಲ ಒಂದೊಂದು ಗುಂಡಿ ಕಳೆದುಕೊಂಡು ಪ್ರಾಚೀನವಾದವು. ಸಾಹೇಬರ ಷಡ್ಡಕ ಒಂದು ಟೆಂಪೋದ ತುಂಬ ಕೋಟು ತರಿಸಿ ಜೈನಾಪುರದ ತನ್ನ ಹೊಲದಲ್ಲಿ ಬಿಸಿಲಿಗೆ ಹರವಿದ. ಅಲ್ಲಿಯ ಬಿಸಿಲಿಗೆ ಎರಡು ದಿನದಲ್ಲಿ ಕೋಟಿಗೆ ಐವತ್ತು ವರ್ಷ ವಯಸ್ಸಾಗುತ್ತಿತ್ತು. ಮಂಡಳಿ ಅವನ್ನೆಲ್ಲ ಕೊಂಡಿತು.

ಶನಿವಾರ ಧೂಳಪ್ಪ ತನ್ನ ಹೆಂಡತಿ ಪರಸವ್ವನೊಡನೆ ಮತ್ತೆ ಬಂದ.

“ಮರ್ಯಾದಿ ಪ್ರಶ್ನೆ ಐತ್ರಿ ಸಾಹೇಬ್ರ. ಟಿಕೋಟಾದ ಬೀಗರು ಮಾತುಕತಿ ದಿನ ಇದ ಕೋಟ್ ನೋಡಿ ಹೂಂ ಅಂದಾರ.”

“ಮಾದರಿನ ನಿಮಗ ಕೊಟ್ಟಬಿಟ್ರ, ಉಳಿದ ಕೋಟು ಹಳೇವು ಅಂತ ಯಾವುದನ್ನ ನೋಡಿ ಹೇಳೂಣ್ರಿ? ಇನ್ನೊಂದ್ ನಾಕ್ ವರ್ಷ ತಡಕೋರಿ.”

“ಯಪ್ಪಾ, ನಿಮ್ಮ ಕೋಟಿಗೆ ವಯಸ್ಸಾದಷ್ಟೂ ಕಿಮ್ಮತ್ತು,” ಎಂದಳು ಪರಸವ್ವ. “ನನ್ನ ಮಗಳಿಗಿ ಹಂಗಲ್ರಿ!”

ಸಾಹೇಬರಿಗೂ ಹೆಣ್ಣುಮಕ್ಕಳಿದ್ದರು. ಅವರು ನಿಯಮಾವಳಿ ತೆರೆದು, ಇಲ್ಲದ ನಿಯಮವೊಂದನ್ನು ಓದಿ ಹೇಳಿದರು: ಮಾದರಿ ಕೋಟು ಕಚೇರಿಯಿಂದ ಹೊರಗೆ ಹೋಗಬಹುದು, ಆದರೆ ಅಧಿಕಾರಿ ಜೊತೆಗಿರಬೇಕು, ಕೈಯಲ್ಲಿ ಹಿಡಿದರೆ ಮಡಿಕೆ ಬೀಳುವುದರಿಂದ ಅಧಿಕಾರಿಯೇ ಅದನ್ನು ತೊಡತಕ್ಕದ್ದು.

“ಹಂಗಾರ ನೀವ ತೊಟ್ಟು ಬರ್ರಿ. ಕೋಟ್ ಮಂಟಪದಾಗ ಇದ್ರ ಸಾಕು,” ಎಂದು ಧೂಳಪ್ಪ ಕೈಮುಗಿದ. ಪದ್ಧತಿಯನ್ನು ಅವನು ಆ ಗಳಿಗೆಯಲ್ಲಿ ಪೂರ್ತಿ ನೆನಪಿಸಿಕೊಂಡಿರಲಿಲ್ಲ.

ಸೋಮವಾರ ಟಿಕೋಟಾದ ಗಾಡಿಯಿಂದ ಇಳಿದ ಗಂಡಿನ ತಂದೆ ರಾಜಾರಾಮ ಕೋಟು ಕಂಡವರೇ ಹೋಗಿ ಸುಶೀಲೇಂದ್ರರನ್ನು ಅಪ್ಪಿಕೊಂಡರು.

“ಏನ್ರಿ ಬೀಗರ, ಮಾತುಕತಿ ದಿನಕ್ಕಿಂತ ಮೈ ಬಂದೈತಲ್ಲ ನಿಮಗ!”

“ಕುಂತು ಮಾಡೂ ಕೆಲಸ ನೋಡ್ರಿ,” ಎಂದರು ಸಾಹೇಬರು.

ಧೂಳಪ್ಪ ನಡುವೆ ನುಗ್ಗಿದ. “ಹುಡುಗಿ ಅಪ್ಪ ನಾನ್ರಿ!”

ರಾಜಾರಾಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಇದ್ದೀರಿ ಖರೆ, ಮಾರಿ ಗುರ್ತು ಸಿಕ್ಕತಿ. ಆದ್ರ ಕೋಟ್ ಇಲ್ಲಲ್ರಿ?”

ಎರಡೂ ಕಡೆಯ ಹಿರಿಯರು ಕೂಡಿ ಕುಳಿತು ವಿಚಾರ ಮಾಡಿದರು. ಮುಹೂರ್ತ ಸಮೀಪಿಸಿತ್ತು. ಪದ್ಧತಿ ಬದಲಿಸುವುದಕ್ಕಿಂತ ಅಪ್ಪನನ್ನು ಬದಲಿಸುವುದು ಸರಳ ಎಂಬ ತೀರ್ಮಾನವಾಯಿತು. ಸುಶೀಲೇಂದ್ರ ಧಾರೆ ಎರೆದರು. ಕೋಟಿನ ತೋಳಿಗೆ ನೀರು ತಾಗದಂತೆ ಪೂರ್ವಾ ಟವೆಲ್ ಹಿಡಿದಿದ್ದಳು. ಎಂ.ಕಾಂ. ಓದಿದ ವಿಶಾಖಾ “ನಮಸ್ಕಾರ ಸರ್” ಎಂದು ಕಾಲು ಮುಟ್ಟಿದಳು. ಧೂಳಪ್ಪ ಅಕ್ಷತೆಯ ತಟ್ಟೆ ಹಿಡಿದು ಸಾಲುಸಾಲಿಗೆ ಹಂಚಿಕೊಂಡು ಬಂದ. ಎಲ್ಲರಿಗೂ ಹಂಚಿಯಾದ ಮೇಲೆ ಅವನಿಗೇ ನಾಲ್ಕು ಕಾಳೂ ಉಳಿಯಲಿಲ್ಲ.

ಶ್ರಾವಣ ಬಂತು, ಪಂಚಮಿ ಬಂತು. ಹೊಸ ಮದುಮಗಳು ತವರಿಗೆ ಬರಬೇಕು. ಟಿಕೋಟಾದವರು ಪದ್ಧತಿ ತಪ್ಪದೆ ವಿಶಾಖಾಳನ್ನು, ಅವಳ ಬ್ಯಾಗಿನ ಸಮೇತ, ಸ್ಟೇಷನ್ ರಸ್ತೆಯ ಕಚೇರಿಗೆ ತಂದು ಬಿಟ್ಟರು. ಮಂಡಳಿ ತುರ್ತು ಸಭೆ ಕರೆದು, ಜೋಕಾಲಿಗೆ ಹಗ್ಗ, ಉಂಡಿಗೆ ಶೇಂಗಾ ಮತ್ತು ಬೆಲ್ಲ, ಉಡಿಸಲು ಒಂದು ಇಳಕಲ್ ಸೀರೆ, ಇವನ್ನು ‘ಮಾದರಿ ಕೋಟಿನ ನಿರ್ವಹಣೆ’ ಎಂಬ ಬಾಬ್ತಿನಲ್ಲಿ ಮಂಜೂರು ಮಾಡಿತು. ಸೀರೆಯನ್ನು ಸಾಹೇಬರ ಷಡ್ಡಕನಿಂದ ಖರೀದಿಸಲಾಯಿತು. ಅದಕ್ಕೆ ಮೂರನೇ ಗುಂಡಿ ಇರಲಿಲ್ಲವಾದ್ದರಿಂದ ಪ್ರಾಚೀನ ಸೀರೆಯ ದರ ಕೊಟ್ಟರು.

ಮಧ್ಯಾಹ್ನ ಧೂಳಪ್ಪ, ಪರಸವ್ವ ಮಮದಾಪುರದಿಂದ ಡಬ್ಬಿಯಲ್ಲಿ ಪಂಚಮಿಯ ತಿನಿಸು ಅಳ್ಳಿಟ್ಟು ಕಟ್ಟಿಕೊಂಡು ಬಂದರು. ಕಾವಲುಗಾರ ಯಲ್ಲಾಲಿಂಗ ಬಾಗಿಲಿಗೆ ಅಡ್ಡ ಕೈ ಚಾಚಿದ.

“ಇವತ್ತ ಬಳಗದವ್ರಿಗಷ್ಟ ಒಳಗ ಬಿಡೂದು. ನೀವು ಯಾರ ಕಡಿಯವ್ರು?”

ಧೂಳಪ್ಪ ಹೆಂಡತಿಯ ಮುಖ ನೋಡಿದ. ಒಳಗೆ ಜೋಕಾಲಿ ಜೀಕುತ್ತ ಮಗಳು ನಗುವುದು ಕೇಳಿಸುತ್ತಿತ್ತು. ಪರಸವ್ವ ಸೆರಗು ಸರಿಮಾಡಿಕೊಂಡಳು.

“ಕೋಟಿನ ಕಡಿಯವ್ರೋ ತಮ್ಮಾ,” ಎಂದಳು.

“ಮೊದಲ ಹೇಳಬಾರದೇನವಾ!” ಎಂದು ಯಲ್ಲಾಲಿಂಗ ಬಾಗಿಲು ತೆರೆದ.